ಅರ ಜಾರದ ಗೇರು

ಸುತ್ತಿಗೆ ಮೂರನೆಯ ಸಲ ಬಿದ್ದರೂ ಗೇರಿನ ಹಲ್ಲು ಮುರಿಯಲಿಲ್ಲ. ಗುರುಪುತ್ರಪ್ಪ ಸಾವಕಾರರು ಅಂಗಿಯ ತೋಳನ್ನು ಇನ್ನಷ್ಟು ಮೇಲೆ ಸರಿಸಿಕೊಂಡು, ನಾಲ್ಕು ಕಿಲೋ ಸುತ್ತಿಗೆಯನ್ನು ಮತ್ತೊಮ್ಮೆ ಎತ್ತಿದರು. ಅವರಿಗೆ ಸುತ್ತಿಗೆ ಹಿಡಿದು ರೂಢಿಯಿಲ್ಲ. ಎರಡು ಹೊಡೆತ ಬೀಳುವಷ್ಟರಲ್ಲೇ ಮುಖ ಕೆಂಪಾಗಿತ್ತು. ಎರಡು ಹೆಜ್ಜೆ ಹಿಂದೆ ನಿಂತಿದ್ದ ಸಮದ ಈ ಸಲವಂತೂ ಮುರಿದೇ ಮುರಿಯುತ್ತದೆ ಎಂದು ಕಣ್ಣು ಕಿರಿದು ಮಾಡಿಕೊಂಡ. ಹೇಳುವುದೇನು, ಮುರಿಯಲಿ ಎಂದೇ ಅವನ ಆಸೆಯಿತ್ತು.

ನಾಲ್ಕನೆಯ ಹೊಡೆತಕ್ಕೆ ಸುತ್ತಿಗೆ ಪುಟಿದು ಹಿಂದಕ್ಕೆ ಬಂತು. ಗೇರಿನ ಹಲ್ಲಿನ ತುದಿಯಲ್ಲಿ ಒಂದು ಹೊಳೆಯುವ ತಗ್ಗು ಬಿದ್ದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

"ನೋಡಿದೇನೋ ಸಮದ? ಬೀಡು ಇದು, ಬೀಡು! ಮುರಿಯಾಕ ಒಲ್ಲದು!" ಸಾವಕಾರರು ಏದುಸಿರು ಬಿಡುತ್ತ ನಕ್ಕರು. "ಈಗ ಆ ಹೊಡದಲ್ಲೆ ಅರ ಹಾಕಿ ನೋಡು."

ಸಮದ ಜೇಬಿನಿಂದ ತನ್ನ ಅರವನ್ನು ತೆಗೆದು ಆ ಹೊಳೆಯುವ ತಗ್ಗಿನ ಮೇಲೆ ಉಜ್ಜಿದ. ಅರ ಜಾರಿತು. ಪಕ್ಕದ, ಹೊಡೆತ ತಿನ್ನದ ಹಲ್ಲಿನ ಮೇಲೆ ಉಜ್ಜಿದ. ಕಚ್ಚಿತು, ಸಣ್ಣಗೆ ಪುಡಿಯೂ ಬಿತ್ತು. ಮತ್ತೆ ತಗ್ಗಿನ ಮೇಲೆ ಉಜ್ಜಿದ. ಗಾಜಿನ ಮೇಲೆ ಉಗುರು ಎಳೆದಂತೆ ಅರ ಜಾರಿಕೊಂಡೇ ಹೋಯಿತು. ಅವನ ಕೈ ಜೇಬಿಗೆ ಹೋಗಿ ಅಲ್ಲಿದ್ದ ಒಂದು ತುಂಡನ್ನು ತಡವಿತು.

ಬೀಡು ಎಂದರೆ ಎರಕದ ಕಬ್ಬಿಣ ಎಂದು ಬೆಳಗಾವಿಯ ಸಣ್ಣ ಮಕ್ಕಳಿಗೂ ಗೊತ್ತು. ತೂಕದ ಕಲ್ಲು, ಪಂಪಿನ ಮೈ, ಗಟಾರದ ಮೇಲಿನ ಜಾಲರಿ ಎಲ್ಲ ಬೀಡೇ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಅಂಥದ್ದರಲ್ಲಿ ಭಾರ ಎಳೆಯುವ ಗೇರು ಮಾಡುತ್ತೇನೆಂದು ಸಾವಕಾರರು ಹೊರಟಾಗ ಉದ್ಯಮಬಾಗದ ಅರ್ಧ ಫೌಂಡ್ರಿಗಳು ಬಾಯಿ ಮುಚ್ಚಿಕೊಂಡು ನಕ್ಕಿದ್ದವು, ಉಳಿದರ್ಧ ಬಾಯಿ ತೆರೆದೇ ನಕ್ಕಿದ್ದವು. ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆ ಓದಿಕೊಂಡು ಬಂದಿದ್ದರು ಅವರು. ಕರಗಿದ ಬೀಡಿಗೆ ಚೂರು ಮ್ಯಾಗ್ನೇಷಿಯಮ್ ಹಾಕಿದರೆ ಒಳಗಿನ ಇದ್ದಿಲು ಎಳೆಎಳೆಯಾಗಿ ಹರಡದೆ ಗೋಲಿಗೋಲಿಯಾಗಿ ಕೂರುತ್ತದಂತೆ. ಅಂಥ ಬೀಡನ್ನು ಒಂಬೈನೂರು ಡಿಗ್ರಿಗೆ ಕಾಯಿಸಿ, ಕರಗಿದ ಪೆಟ್ಲುಪ್ಪಿನ ತೊಟ್ಟಿಗೆ ಇಳಿಸಿ, ಮುನ್ನೂರೈವತ್ತು ಡಿಗ್ರಿಯಲ್ಲಿ ಎರಡು ತಾಸು ಅಲ್ಲೇ ಬಿಡಬೇಕಂತೆ. ಹೊರದೇಶದಲ್ಲಿ ಮೋಟಾರಿನ ಗೇರುಗಳನ್ನೇ ಹೀಗೆ ಮಾಡುತ್ತಾರಂತೆ.

ಈ ಅಂತೆಗಳನ್ನೆಲ್ಲ ಸಮದ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದ. ಇಪ್ಪತ್ತೆಂಟು ವರ್ಷದಿಂದ ಉಕ್ಕಿಗೆ ಹದ ಕೊಡುತ್ತ ಬಂದವನು ಅವನು. ಕಬ್ಬಿಣದ ಬಣ್ಣ ನೋಡಿ ಶಾಖ ಹೇಳುತ್ತಿದ್ದ, ಎಣ್ಣೆಗೆ ಇಳಿಸಿ ಸದ್ದು ಕೇಳಿ ತೆಗೆಯುತ್ತಿದ್ದ, ಕೊನೆಗೆ ಅರ ಹಾಕಿ ನೋಡುತ್ತಿದ್ದ. ಅರ ಜಾರಿದರೆ ಪಾಸು, ಕಚ್ಚಿದರೆ ಮತ್ತೆ ಕುಲುಮೆಗೆ. "ಸಮದ ಹದಾ ಕೊಟ್ಟ ಅಂದ್ರ ಅರಾ ಮುಟ್ಟಂಗಿಲ್ಲ" ಎನ್ನುವುದು ಖಾಸಬಾಗದಿಂದ ಕಾಕತಿಯವರೆಗೆ ನಡೆಯುವ ಮಾತಾಗಿತ್ತು. ಆ ಮಾತು ಕಿವಿಗೆ ಬಿದ್ದ ದಿನ ಅವನು ಊಟದಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ ಎಂದು ಹೆಂಡತಿ ಚಾಂದಬೀ ಹಾಸ್ಯ ಮಾಡುತ್ತಿದ್ದಳು.

ಹೋದ ವಾರ ಉಪ್ಪಿನ ತೊಟ್ಟಿಯಿಂದ ಎರಡು ಗೇರುಗಳು ಹೊರಬಂದಿದ್ದವು. ಖಾನಾಪುರದ ಒಂದು ಹಂಚಿನ ಕಾರ್ಖಾನೆಯ ಮಣ್ಣು ಕಲಸುವ ಯಂತ್ರಕ್ಕೆ ಬೇಕಾದವು. ಒಂದು ಹಾಕಲಿಕ್ಕೆ, ಇನ್ನೊಂದು ಬದಲಿಗೆ ಇಟ್ಟುಕೊಳ್ಳಲಿಕ್ಕೆ. ಸಮದ ಅರ ಹಾಕಿ ನೋಡಿದರೆ ಎರಡನ್ನೂ ಕಚ್ಚಿತು. ಅವನಿಗೆ ಎಲ್ಲರೆದುರು ಪಂಚೆ ಬಿಚ್ಚಿದಂತಾಯಿತು. "ಮೆತ್ತಗದಾವ್ರಿ" ಎಂದರೆ ಸಾವಕಾರರು, "ಹಂಗ ಇರಬೇಕೋ ಮಾರಾಯ, ಪುಸ್ತಕದಾಗ ಬರದಾರ" ಎಂದುಬಿಟ್ಟರು. ಪುಸ್ತಕ ಬರೆದವನು ಖಾನಾಪುರಕ್ಕೆ ಬಂದು ಮರ್ಯಾದೆ ಕಳೆದುಕೊಳ್ಳುತ್ತಾನೆಯೇ? ಕಳೆದುಕೊಳ್ಳುವವರು ನಾವು. ರವಿವಾರ ಫೌಂಡ್ರಿಗೆ ರಜೆ. ಕೀಲಿ ಇರುವುದು ಸಮದನ ಹತ್ತಿರ. ಬೆಳಿಗ್ಗೆಯೇ ಬಂದು ಒಬ್ಬನೇ ಕುಲುಮೆ ಹೊತ್ತಿಸಿ, ಒಂದು ಗೇರನ್ನು ಮತ್ತೆ ಕೆಂಪಗೆ ಕಾಯಿಸಿ, ಎಣ್ಣೆಗೆ ಇಳಿಸಿ, ಉಕ್ಕಿಗೆ ಕೊಡುವ ಹಾಗೆ ಸ್ವಲ್ಪ ಹದ ಕೊಟ್ಟ. ಅದೇ ಎರಕದಿಂದ ಕತ್ತರಿಸಿ ತೆಗೆದ ಒಂದು ಹೆಬ್ಬೆರಳು ಗಾತ್ರದ ತುಂಡಿಗೂ ಜೊತೆಯಲ್ಲೇ ಹದ ಕೊಟ್ಟ. ಎರಡರ ಮೇಲೂ ಅರ ಜಾರಿತು. ಸೋಮವಾರ ಆ ಗೇರನ್ನು ತಾನೇ ಗೋಣಿಚೀಲಕ್ಕೆ ಹಾಕಿ ಖಾನಾಪುರದ ಬಸ್ಸಿಗೆ ಕೊಟ್ಟು ಕಳಿಸಿದ. ಸಾವಕಾರರಿಗೆ ಒಂದು ಮಾತೂ ಹೇಳಲಿಲ್ಲ. ಒಳ್ಳೆಯದು ಮಾಡಿದವನು ಹೇಳಿಕೊಂಡು ತಿರುಗಬಾರದು ಎಂದು ತನಗೆ ತಾನೇ ದೊಡ್ಡಸ್ತಿಕೆ ಬೇರೆ.

ಈಗ ಬುಧವಾರ. ಉಳಿದ ಮೆತ್ತಗಿನ ಗೇರು ಹೊಡೆತ ತಿಂದಲ್ಲೇ ಗಟ್ಟಿಯಾಗಿ ಕೂತಿತ್ತು. ಸಮದ ಜೇಬಿನಿಂದ ಆ ಹೆಬ್ಬೆರಳು ಗಾತ್ರದ ತುಂಡು ತೆಗೆದು ಅಡಿಗಲ್ಲಿನ ಮೇಲಿಟ್ಟ. ಸಣ್ಣ ಸುತ್ತಿಗೆಯಿಂದ ಒಂದೇ ಏಟು, ಅದೂ ಜೋರಾಗಿ ಅಲ್ಲ. ತುಂಡು ಎರಡಾಗಿ, ಒಂದು ಹೋಳು ಸಾವಕಾರರ ಚಪ್ಪಲಿಯ ಹತ್ತಿರ ಹೋಗಿ ಬಿತ್ತು. ಒಡೆದ ಮುಖ ಸಕ್ಕರೆ ಹರಳಿನಂತೆ ಬೆಳ್ಳಗಿತ್ತು.

"ಏನೋ ಅದು?"

ಸಮದ ಸಣ್ಣ ಸುತ್ತಿಗೆಯನ್ನು ಕೆಳಗಿಟ್ಟ. ನಡೆದದ್ದನ್ನು ಹೇಳಿದ. ರವಿವಾರದ್ದು, ಎಣ್ಣೆಯದ್ದು, ಗೋಣಿಚೀಲದ್ದು, ಏನೂ ಮುಚ್ಚಿಡದೆ ಎಲ್ಲ ಹೇಳಿದ. ಸಾವಕಾರರು ಆ ಹೋಳನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಮದನಿಗೆ. ಆಫೀಸಿಗೆ ಹೋಗಿ ಖಾನಾಪುರಕ್ಕೆ ಫೋನು ಹಚ್ಚಿದರು. ಹತ್ತು ನಿಮಿಷ ಕೂಗಾಡಿದರೂ ಲೈನು ಸಿಗಲಿಲ್ಲ. ಹೊರಗೆ ಬಂದು ಸ್ಕೂಟರಿಗೆ ಒದ್ದರು.

"ಆ ಗೇರ್ ತುಗೊಂಡು ಹಿಂದ ಹತ್ತು. ಇವತ್ತ ಮಣ್ಣು ಹಾಕಾಕ ಸುರು ಮಾಡ್ತೀನಿ ಅಂದಿದ್ದ ಹಂಚಿನ ಕಾರ್ಖಾನಿ ರಾಯಪ್ಪ."

ಪೀರನವಾಡಿ ದಾಟಿತು, ಮಚ್ಛೆ ದಾಟಿತು. ಹದಿನೆಂಟು ಕಿಲೋ ಗೇರನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡು ಕೂತ ಸಮದನ ಕಾಲು ಜೋಮು ಹಿಡಿದಿದ್ದವು. ಅವನ ಕಣ್ಣ ಮುಂದೆ ಇದ್ದದ್ದು ಒಂದೇ. ಗೇರಿನ ಹಲ್ಲು ಮುರಿದು ಸಿಡಿದರೆ ಎಲ್ಲಿಗೆ ಹೋಗುತ್ತದೆ, ಯಾರಿಗೆ ಬಡಿಯುತ್ತದೆ? ಆ ಯಂತ್ರದ ಹತ್ತಿರ ಯಾರು ನಿಲ್ಲುತ್ತಾರೋ ಅವನು ನೋಡಿದವನಲ್ಲ. ಆದರೆ ಯಾರೋ ಒಬ್ಬರು ನಿಂತೇ ಇರುತ್ತಾರಲ್ಲ. ಯಾ ಅಲ್ಲಾ, ಇನ್ನೊಂದು ತಾಸು ತಡಿ ಎಂದು ಬೇಡಿಕೊಂಡ.

ದೇಸೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಎಲ್ಲಿಯೋ ದೂರದಲ್ಲಿ ಕೂಗುತ್ತಿತ್ತೇ ಹೊರತು ಕಣ್ಣಿಗೆ ಬೀಳುತ್ತಿರಲಿಲ್ಲ. ಸಾವಕಾರರು ಸ್ಕೂಟರ್ ನಿಲ್ಲಿಸಿ, ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಅಲ್ಲಿ ಹೋಗಿ ಏನ್ ಹೇಳೂಣು?"

"ಖರೇ ಹೇಳೂಣ್ರಿ."

"ಖರೇ ಹೇಳಿದ್ರ ಮುಗೀತು. ನಾಳಿಂದ ಈ ಜಿಲ್ಲಾದಾಗ ಯಾವಾಂವರೆ ನಮ್ಮ ಬೀಡಿನ ಗೇರ್ ಮುಟ್ತಾನೇನು? ಮೂರ ವರ್ಷ ಆತು ನಾ ಇದರ ಹಿಂದ ಬಿದ್ದು. ನಡುವಿನ ತೂತು ಚೂರು ಸಡ್ಲ ಆಗೇತಿ, ಬದಲ ಮಾಡಾಕ ಬಂದೇವಿ ಅಂತ ನಾ ಹೇಳ್ತೀನಿ. ಈ ಗೇರ್ ಹಾಕೂಣು, ಆ ಗೇರ್ ತರೂಣು. ನೀ ಬಾಯಿ ತೆರೀಬ್ಯಾಡ."

"ಆತ್ರಿ."

"ನಿನ್ನ ಮಾತು ಆಮ್ಯಾಲ ಐತಿ."

ಆಮೇಲಿನ ಮಾತು ಏನೆಂದು ಸಮದನಿಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷದ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡ. ಅದಕ್ಕೂ ಅವನಿಗೆ ಅಷ್ಟು ದುಃಖವಾಗಲಿಲ್ಲ. ಗೂಡ್ಸ್ ಗಾಡಿ ಬೇಗ ಹೋದರೆ ಸಾಕಾಗಿತ್ತು. ಕೊನೆಗೂ ಅದು ಬಂತು, ನಲವತ್ತು ಡಬ್ಬಿ ಎಳೆದುಕೊಂಡು, ತವರಿಗೆ ಹೊರಟ ಬಸುರಿಯಂತೆ ನಿಧಾನಕ್ಕೆ ದಾಟಿ ಹೋಯಿತು.

ಖಾನಾಪುರದ ಕಾರ್ಖಾನೆ ತಲುಪಿದಾಗ ಹನ್ನೊಂದೂವರೆ. ಅಂಗಳದ ತುಂಬ ಹಸಿ ಹಂಚಿನ ಸಾಲು. ಯಂತ್ರದ ಸದ್ದು ಹೊರಗೇ ಕೇಳುತ್ತಿತ್ತು. ಕರಕರ ಎಂಬ ಗಡಸು ಸದ್ದು. ಮಣ್ಣು ಹಾಕಿ ಆಗಿತ್ತು.

ಕಾರ್ಖಾನೆಯ ಉಸ್ತುವಾರಿ ರಾಯಪ್ಪ ಎದುರು ಬಂದ. ಹದಿನೈದು ದಿನ ನಿಂತಿದ್ದ ಯಂತ್ರ ಓಡುತ್ತಿದ್ದ ಖುಷಿಗೆ ಅವನ ಮುಖ ಅರಳಿತ್ತು. "ಬರ್ರಿ ಬರ್ರಿ ಸಾವಕಾರ್ರ! ಕುಂದರ್ರಿ. ಏ ಗೌರವ್ವಾ, ಚಾ ಹೇಳ. ಮುಂಜಾನಿ ಕಾಯಿ ಒಡದು ಸುರು ಮಾಡೇವ್ರಿ. ಚಲೋ ಹೊಂಟೈತಿ."

"ಚಾ ಇರಲಿ. ಮಶೀನ್ ಚೂರು ನಿಂದರಸ್ರಿ. ಅದರ ತೂತು ಸ್ವಲ್ಪ ಸಡ್ಲ ಐತಿ. ಇದನ್ನ ಹಾಕಿ ಕೊಡ್ತೀವಿ."

"ಸಡ್ಲ ಇದ್ರ ಸಂಜಿಮುಂದ ನೋಡೂಣ್ರಿ. ಈಗ ನಲವತ್ತ ಬುಟ್ಟಿ ಮಣ್ಣ ನೆನದು ಕುಂತೈತಿ. ಬಿಸಲಾಗ ಒಣಗಿದ್ರ ಮತ್ತ ತುಳೀಬೇಕಾಗ್ತೈತಿ."

"ಈಗ ಬದಲ ಮಾಡಿದ್ರ ಚಲೋ ಇತ್ತು."

"ಸಂಜಿತನಕ ಓಡಿದ್ರ ಏನ್ ಆಗಂಗಿಲ್ರಿ. ಕುಂದರ್ರಿ ನೀವು."

ಸಮದ ಚೀಲ ಹೊತ್ತು ಒಳಗೆ ಹೋಗಿಬಿಟ್ಟಿದ್ದ. ಯಂತ್ರದ ಬಾಯಿಯ ಹತ್ತಿರ ಕಟ್ಟೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಸೀರೆ ಮೇಲೆತ್ತಿ ಕಚ್ಚೆ ಹಾಕಿ, ಹಿಂದಿನವರು ಕೊಟ್ಟ ಬುಟ್ಟಿಯನ್ನು ಯಂತ್ರದ ಬಾಯಿಗೆ ಸುರಿದು, ಎರಡೂ ಕೈಯಿಂದ ಮಣ್ಣನ್ನು ಒಳಕ್ಕೆ ಒತ್ತುತ್ತಿದ್ದಳು. ಮೊಣಕೈವರೆಗೂ ಕೆಂಪು ಮಣ್ಣು. ಅವಳ ಬಲದ ತೋಳಿನಿಂದ ಒಂದು ಗೇಣು ದೂರದಲ್ಲಿ ಗೇರು ತಿರುಗುತ್ತಿತ್ತು. ಅದರ ಮೇಲೆ ಮುಚ್ಚುವ ತಗಡನ್ನು ಮಣ್ಣು ಮೆತ್ತುತ್ತದೆಂದು ಯಾವ ಕಾಲದಲ್ಲೋ ತೆಗೆದಿದ್ದರು. ಯಾರೋ "ಸಂಗವ್ವಾ, ಇನ್ನೊಂದ ಬುಟ್ಟಿ" ಎಂದು ಕೂಗಿದರು. ದಾರಿಯುದ್ದಕ್ಕೂ ಕಾಡಿದ ಆ ಯಾರೋ ಒಬ್ಬರಿಗೆ ಈಗ ಹೆಸರು ಬಂದುಬಿಟ್ಟಿತು.

"ಬಂದ್ ಮಾಡ್ರಿ!" ಸಮದ ಕೂಗಿದ. ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಚೀಲ ಕೆಳಗಿಟ್ಟು ಓಡಿಹೋಗಿ, ಯಂತ್ರವನ್ನು ತಿರುಗಿಸುವ ಪಟ್ಟಾ ಸರಿಸಲು ಇದ್ದ ಮರದ ಹಿಡಿಗೆ ಎರಡೂ ಕೈ ಹಾಕಿ ಎಳೆದ. ಪಟ್ಟಾ ಖಾಲಿ ಗಾಲಿಗೆ ಜಾರಿತು. ಯಂತ್ರ ಎರಡು ಸುತ್ತು ತಿರುಗಿ ನಿಂತುಕೊಂಡಿತು. ಕಾರ್ಖಾನೆಗೆ ಕಾರ್ಖಾನೆಯೇ ಅವನ ಕಡೆ ತಿರುಗಿತು.

"ಯಾವಾಂವೋ ನೀನು?" ಸಂಗವ್ವ ಕೇಳಿದಳು. ಕೈ ಇನ್ನೂ ಮಣ್ಣಿನಲ್ಲೇ ಇತ್ತು.

ಬಾಗಿಲಲ್ಲಿ ಸಾವಕಾರರು ನಿಂತು ಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ಸಮದ ಅದನ್ನು ನೋಡಿದ. ಜೀವಮಾನದಲ್ಲಿ ಅವರ ಮಾತು ಮೀರಿದವನಲ್ಲ ಅವನು. ರವಿವಾರ ಮೀರಿದ್ದು ಕದ್ದು. ಇವತ್ತು ಎದುರಿಗೇ ಮೀರಿದ.

"ನನ್ನ ಹೆಸರು ಸಮದ. ಈ ಗೇರಿಗೆ ಹದಾ ಕೊಟ್ಟಾಂವ ನಾನು. ಗಲತಿ ಆಗೇತಿ, ನಂದ ಗಲತಿ. ಸಾವಕಾರ್ರು ಹೇಳಿಧಂಗ ಮಾಡಿದ್ರ ಚಲೋ ಇತ್ತು. ನಾ ಅವರಿಗೆ ಹೇಳಲಾರದ ಮತ್ತೊಮ್ಮೆ ಕಾಸಿ ಎಣ್ಣಿಗೆ ಹಾಕಿದೆ. ಹಲ್ಲು ಯಾವಾಗ ಬೇಕಾದ್ರೂ ಮುರೀತಾವ. ಮುರದ್ರ ಈ ತಾಯಿ ತೋಳಿಗೆ ಬಡೀತಾವ. ಬಿಚ್ಚರಿ ಇದನ್ನ."

ಸಂಗವ್ವ ನಿಧಾನಕ್ಕೆ ಕೈ ಹೊರಗೆ ತೆಗೆದು ಕಟ್ಟೆಯಿಂದ ಇಳಿದಳು. ಗೇರನ್ನು ಒಮ್ಮೆ, ತನ್ನ ಬಲದ ತೋಳನ್ನು ಒಮ್ಮೆ ನೋಡಿದಳು.

ರಾಯಪ್ಪನ ಮುಖದ ಅರಳಿದ್ದೆಲ್ಲ ಮುದುಡಿಹೋಗಿತ್ತು. ತಾನೇ ಬೆಣೆ ಕಿತ್ತು ಗೇರು ಇಳಿಸಿದ. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಕೊಟ್ಟ. ಎರಡು ಹಲ್ಲು ಒಟ್ಟಿಗೇ ಹಾರಿದವು. ಒಂದು ಎದುರಿನ ತಗಡಿಗೆ ಬಡಿದು ತೂತೇ ಮಾಡಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

"ಸಾವಕಾರ್ರ," ರಾಯಪ್ಪ ಸುತ್ತಿಗೆ ಬಿಡದೆ ತಿರುಗಿದ, "ಸಡ್ಲ ಐತಿ ಅಂದ್ರಲ್ರಿ. ನಿಮ್ಮ ಬೀಡೂ ಬ್ಯಾಡ, ನಿಮ್ಮ ಪುಸ್ತಕಾನೂ ಬ್ಯಾಡ. ಮುಂಬೈದಿಂದ ಉಕ್ಕಿನ ಗೇರ್ ತರಸ್ತೀವಿ."

ಗುರುಪುತ್ರಪ್ಪನವರು ತಲೆ ತಗ್ಗಿಸಿದರು. "ನಾ ಸುಳ್ಳು ಹೇಳಬಾರದಿತ್ತು ರಾಯಪ್ಪ" ಎಂದರು.

"ಉಕ್ಕಿಂದು ಯಾವಾಗ ಬರ್ತೈತ್ರಿ?" ಕೇಳಿದವಳು ಸಂಗವ್ವ.

"ಎರಡ ತಿಂಗಳಂತೂ ಬೇಕು" ಎಂದ ರಾಯಪ್ಪ.

"ಎರಡ ತಿಂಗಳಿಗೆ ಮಳಿ ಬರ್ತೈತಿ. ಮಳ್ಯಾಗ ಹಂಚು ಒಣಗ್ತಾವೇನು? ಹದಿನೈದ ದಿನ ಕುಂತದ್ದ ಸಾಕಾಗೇತಿ ನಮಗ." ಅವಳು ಸಮದನ ಕಡೆ ತಿರುಗಿದಳು. "ಆ ಚೀಲದಾಗ ಏನೈತಿ?"

"ಸಾವಕಾರ್ರು ಹೇಳಿಧಂಗ ಮಾಡಿದ್ದು. ನಾ ಮುಟ್ಟಲಾರದ್ದು."

"ತಗಿ ಅದನ್ನ."

ಸಮದ ತೆಗೆದು ಕಲ್ಲಿನ ಮೇಲಿಟ್ಟ. ರಾಯಪ್ಪ ಸಿಟ್ಟಿನಿಂದಲೇ ಹೊಡೆದ. ಹಲ್ಲು ಮುರಿಯಲಿಲ್ಲ. ಸಿಟ್ಟು ಹೆಚ್ಚಾಗಿ ಮತ್ತೆ ಹೊಡೆದ. ಸಂಗವ್ವ ಅವನ ಕೈಯಿಂದ ಸುತ್ತಿಗೆ ಕಸಿದುಕೊಂಡಳು. "ಸರೀರಿ. ಅದರ ಬಾಜು ನಿಂದರಾಕಿ ನಾನು, ನಾನ ಹೊಡೀತೀನಿ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತು ಹೊಡೆಯತೊಡಗಿದಳು. ಮಣ್ಣು ತುಳಿದು, ಹೊತ್ತು ಗಟ್ಟಿಯಾದ ಮೈ. ಸಾವಕಾರರ ನಾಲ್ಕು ಹೊಡೆತ ಇವಳ ಒಂದಕ್ಕೆ ಸಮ ಇರಲಿಲ್ಲ. ಆರು ಹೊಡೆದಳು, ಏಳು ಹೊಡೆದಳು. ಎಂಟನೆಯದಕ್ಕೆ ಸುತ್ತಿಗೆಯ ಹಿಡಿಯೇ ಸಡಿಲಾಯಿತು. ಗೇರಿನ ಹಲ್ಲು ಮೂತಿ ಚಪ್ಪಟೆ ಮಾಡಿಕೊಂಡು ಇದ್ದಲ್ಲೇ ಇತ್ತು.

ಸಮದ ಅವಳ ಕೈಗೆ ಅರ ಕೊಟ್ಟ. "ಹೊಡದಲ್ಲೆ ಉಜ್ಜಿ ನೋಡವ್ವ. ಆಮ್ಯಾಲ ಹೊಡೀಲಾರದಲ್ಲೆ ಉಜ್ಜಿ ನೋಡು." ಅವಳು ಉಜ್ಜಿದಳು. ಒಂದು ಕಡೆ ಜಾರಿತು, ಒಂದು ಕಡೆ ಕಚ್ಚಿತು. "ಭಾರ ಬಿದ್ದಲ್ಲೆ ಮ್ಯಾಲಿನ ಪದರ ತಾನ ಗಟ್ಟಿ ಆಗ್ತೈತಿ. ಒಳಗ ಮೆತ್ತಗ ಇರ್ತೈತಿ, ಅದಕ್ಕ ಮುರಿಯಂಗಿಲ್ಲ. ನನಗ ಇವತ್ತ ಮುಂಜಾನಿ ತಿಳೀತು."

"ಮದ್ಲ ಯಾಕ ತಿಳೀಲಿಲ್ಲ?"

"ಸಾವಕಾರ್ರು ಹೇಳಿದ್ರು. ನಾ ನಂಬಲಿಲ್ಲ."

"ಈಗ ನಂಬತಿ?"

"ನಂಬತೀನವ್ವ."

ಸಂಗವ್ವ ಅರವನ್ನು ಅವನ ಕೈಗೆ ತಿರುಗಿ ಕೊಟ್ಟಳು. "ಹಂಗಾರ ಹಾಕು. ಹಾಕಿ, ಮದ್ಲ ಮಣ್ಣ ನೀನ ತುಂಬು. ನನ್ನ ಜಾಗಾದಾಗ ನಿಂತು."

ಅರ್ಧ ತಾಸಿನಲ್ಲಿ ಗೇರು ಕೂತಿತು. ಚಪ್ಪಟೆಯಾದ ಹಲ್ಲಿನ ಅಂಚನ್ನು ಸಾಣೆಕಲ್ಲಿನ ಗಾಲಿಗೆ ಹಿಡಿದು ಸರಿಪಡಿಸಬೇಕಾಯಿತು. ಅರ ಅದನ್ನು ಮುಟ್ಟಲೇ ಇಲ್ಲ. ಸಮದ ಪೈಜಾಮ ಮೊಣಕಾಲಿಗೆ ಮಡಚಿ, ಅಂಗಿಯ ತೋಳು ಸುತ್ತಿ ಕಟ್ಟೆ ಹತ್ತಿದ. ರಾಯಪ್ಪ ಪಟ್ಟಾ ಸರಿಸಿದ. ಯಂತ್ರ ಹೊರಟಿತು. ಆ ಕರಕರ ಇರಲಿಲ್ಲ. ಬೀಡು ಉಕ್ಕಿಗಿಂತ ಮೆತ್ತಗೆ ಮಾತಾಡುತ್ತದೆ ಎಂದು ಸಾವಕಾರರು ಯಾವಾಗಲೋ ಹೇಳಿದ್ದನ್ನೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೊದಲ ಬುಟ್ಟಿ ಬಂತು. ಸುರಿದು ಎರಡೂ ಕೈಯಿಂದ ಒತ್ತಿದ. ಬಲದ ತೋಳಿಗೆ ಗೇರಿನ ಗಾಳಿ ತಣ್ಣಗೆ ತಾಗುತ್ತಿತ್ತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಮೂರನೆಯ ಬುಟ್ಟಿಯವರೆಗೂ ಉಸಿರು ಹಿಡಿದೇ ಇದ್ದ. ಐದನೆಯ ಬುಟ್ಟಿಗೆ ಬೆನ್ನು ಬೆವೆತಿತು, ಆದರೆ ಅದು ಮಣ್ಣಿನ ಭಾರಕ್ಕೆ.

ಕೆಳಗೆ ಸಾವಕಾರರು ಬಂದು ನಿಂತಿದ್ದರು. ಬಿಳಿ ಧೋತರದ ಮೇಲೆ ಕೆಂಪು ಕಲೆಗಳು. "ಸಮದ," ಎಂದು ಕೂಗಿದರು, "ಮುಂದಿನ ಗೇರೂ ನೀನ ಕಾಸಬೇಕು. ಎರಡ ತಾಸು ಅಂದ್ರ ಎರಡ ತಾಸು. ರವಿವಾರ ಕೀಲಿ ನನ್ನ ಕಡೆ ಇರ್ತೈತಿ."

"ಹೂಂನ್ರಿ" ಎಂದ ಸಮದ. ಕಣ್ಣು ಮಂಜಾಗಿತ್ತು. ಕೈ ತುಂಬ ಮಣ್ಣಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

"ಇಂಥಾದ ಇನ್ನೊಂದ ಮಾಡಿ ಇಟ್ಟಿರ್ರಿ" ಎಂದ ರಾಯಪ್ಪ, ಯಾರ ಮುಖವನ್ನೂ ನೋಡದೆ. "ಮದ್ಲ ನಾ ಬಂದು ನಿಮ್ಮ ಫೌಂಡ್ರಿಯಾಗ ಹೊಡದ ನೋಡ್ತೀನಿ. ಆಮ್ಯಾಲ ಮಾತು."

"ಬರ್ರಿ, ದೊಡ್ಡ ಸುತ್ತಿಗಿ ತರ್ರಿ" ಎಂದರು ಸಾವಕಾರರು.

ಹನ್ನೆರಡನೆಯ ಬುಟ್ಟಿಗೆ ಸಂಗವ್ವನ ತಾಳ್ಮೆ ಮುಗಿಯಿತು. "ಏ, ಸಾಕ ಇಳಿ. ಹಿಂಗ ಒತ್ತಿದ್ರ ಹಂಚಿನಾಗ ಗಾಳಿ ನಿಂದರ್ತೈತಿ, ಭಟ್ಟ್ಯಾಗ ಎಲ್ಲಾ ಒಡೀತಾವ. ಮಣ್ಣ ಕೆಡಸಬ್ಯಾಡ" ಎಂದು ಅವನನ್ನು ಭುಜದಿಂದಲೇ ಸರಿಸಿ ಕಟ್ಟೆ ಹತ್ತಿದಳು. ತನ್ನ ಮೊದಲ ಬುಟ್ಟಿಯನ್ನು ಸುರಿದು, ಅವನು ಅರೆಬರೆ ಒತ್ತಿದ್ದನ್ನೆಲ್ಲ ಮತ್ತೊಮ್ಮೆ ಒತ್ತಿ ಕೂರಿಸಿದಳು.

ಆಮೇಲೆ ಬುಟ್ಟಿ ಕೊಡುತ್ತಿದ್ದ ಗೌರವ್ವನಿಗೆ, ತನ್ನ ಮಗಳು ಮಾಯಕ್ಕ ಕೂಸಿಗೆ ಇನ್ನೂ ಹೆಸರಿಡದೆ ಗಂಡನ ಮನೆಯವರ ಕೂಡ ಹಟ ಹಿಡಿದು ಕೂತ ಸುದ್ದಿ ಹೇಳತೊಡಗಿದಳು. ಸುದ್ದಿ ಉದ್ದವಿತ್ತು. ನಡುನಡುವೆ ನಗು ಬರುತ್ತಿತ್ತು. ನಕ್ಕಾಗಲೆಲ್ಲ ಸಂಗವ್ವ ಪೂರ್ತಿ ಗೌರವ್ವನ ಕಡೆಗೇ ತಿರುಗುತ್ತಿದ್ದಳು, ಬೆನ್ನು ಗೇರಿನ ಕಡೆ. ಕೆಂಪು ಮಣ್ಣಿನ ಬಲಗೈ ಮಾತ್ರ ತಾನಾಗಿಯೇ ಯಂತ್ರದ ಬಾಯಿಗೆ ಹೋಗಿ, ಒತ್ತಿ, ಮತ್ತೆ ಬುಟ್ಟಿಗೆ ಬರುತ್ತಿತ್ತು.